ಗುಜರಿಯಿಂದ ಲಕ್ಷದವರೆಗೆ: ಹಳೆಯ ಮೋಟಾರ್‌ಸೈಕಲ್‌ಗಳ ಬೆಲೆ ಬದಲಾಗುವ ಬಗೆ

ಮೂವತ್ತು, ನಲವತ್ತು ಅಥವಾ ಐವತ್ತು ವರ್ಷಗಳ ಹಿಂದೆ ತಯಾರಾಗಿ, ಇಂದು ತಯಾರಿಕೆ ನಿಂತುಹೋಗಿದ್ದರೂ ಜನರ ಅಭಿಮಾನವನ್ನು ಉಳಿಸಿಕೊಂಡಿರುವ ಮೋಟಾರ್‌ಸೈಕಲ್‌ಗಳನ್ನು ಸಾಮಾನ್ಯವಾಗಿ ‘ಕ್ಲಾಸಿಕ್’ ಎಂದು ಕರೆಯುತ್ತಾರೆ. ಗಡಿಯಾಚೆಯ ಕನ್ನಡ ಮನೆಗಳಲ್ಲಿ ಇಂತಹ ವಾಹನಗಳು ಅಪರೂಪವೇನಲ್ಲ. ಕಾಸರಗೋಡಿನ ಅಡಿಕೆ ತೋಟದ ಕೊಟ್ಟಿಗೆಯಲ್ಲಿ, ತಾಳವಾಡಿಯ ಹಟ್ಟಿಯ ಮೂಲೆಯಲ್ಲಿ, ಅಕ್ಕಲಕೋಟೆಯ ವಾಡೆಯ ಹಿಂಬದಿಯಲ್ಲಿ ಅಜ್ಜನ ಕಾಲದ ಜಾವಾ, ಯೆಜ್ಡಿ ಅಥವಾ ಬುಲೆಟ್ ಧೂಳು ಹಿಡಿದು ನಿಂತಿರಬಹುದು. ಒಂದು ದಿನ ಗುಜರಿಯವನು ಬಂದು ನಾಲ್ಕೈದು ಸಾವಿರ ಕೊಡುತ್ತೇನೆ ಎನ್ನುತ್ತಾನೆ. ಮರುದಿನ ಇನ್ಯಾರೋ ಬಂದು ಅದರ ಹತ್ತು ಪಟ್ಟು ಕೊಡಲು ಸಿದ್ಧರಾಗುತ್ತಾರೆ. ವಾಹನ ಒಂದೇ, ಬೆಲೆ ಮಾತ್ರ ಬೇರೆ. ಈ ಅಂತರಕ್ಕೆ ಕಾರಣವೇನು, ಬೆಲೆ ಏರುವುದು ಮತ್ತು ಇಳಿಯುವುದು ಏತರಿಂದ, ಮಾರುವ ಮುನ್ನ ಮನೆಯವರು ತಿಳಿದಿರಬೇಕಾದ ಸಂಗತಿಗಳಾವುವು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಬೆಲೆಯ ಮೂರು ಘಟ್ಟಗಳು

ಯಾವುದೇ ವಾಹನದ ಬೆಲೆ ಅಂಗಡಿಯಿಂದ ಹೊರಬಿದ್ದ ದಿನದಿಂದಲೇ ಇಳಿಯತೊಡಗುತ್ತದೆ. ಇದು ಮೊದಲನೆಯ ಘಟ್ಟ. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ತಳ ಮುಟ್ಟುತ್ತದೆ. ಆಗ ಅದು ಕೇವಲ ‘ಹಳೆಯ ಗಾಡಿ’. ಬಿಡಿಭಾಗ ಸಿಗುವುದಿಲ್ಲ, ಮೈಲೇಜ್ ಕಡಿಮೆ, ಹೊಸ ಮಾದರಿಗಳ ಮುಂದೆ ಸಪ್ಪೆ. ಇದು ಎರಡನೆಯ ಘಟ್ಟ. ಹೆಚ್ಚಿನ ವಾಹನಗಳು ಗುಜರಿ ಸೇರುವುದು ಇದೇ ಅವಧಿಯಲ್ಲಿ. ಹೀಗೆ ಗುಜರಿ ಸೇರಿದವುಗಳ ಸಂಖ್ಯೆ ಹೆಚ್ಚಿದಷ್ಟೂ ಉಳಿದವುಗಳು ವಿರಳವಾಗುತ್ತವೆ. ಮೂರನೆಯ ಘಟ್ಟದಲ್ಲಿ, ಬಾಲ್ಯದಲ್ಲಿ ಆ ವಾಹನವನ್ನು ಕಂಡು ಆಸೆಪಟ್ಟಿದ್ದ ತಲೆಮಾರು ದುಡಿದು ಕೈಯಲ್ಲಿ ಹಣ ಕಂಡಾಗ, ಅದನ್ನೇ ಹುಡುಕಿಕೊಂಡು ಬರುತ್ತದೆ. ಅಲ್ಲಿಂದ ಬೆಲೆ ಮತ್ತೆ ಮೇಲಕ್ಕೆ ತಿರುಗುತ್ತದೆ.

ಎಲ್ಲ ಹಳೆಯ ವಾಹನಗಳೂ ಮೂರನೆಯ ಘಟ್ಟವನ್ನು ತಲುಪುವುದಿಲ್ಲ ಎಂಬುದನ್ನು ಗಮನಿಸಬೇಕು. ಹಳೆಯದಾಗಿರುವುದು ಒಂದು ಗುಣವಲ್ಲ. ಬೇಕೆಂದು ಕೇಳುವವರು ಇರಬೇಕು, ಸಿಗುವುದು ಕಷ್ಟವಾಗಿರಬೇಕು. ಈ ಎರಡೂ ಕೂಡಿದಾಗ ಮಾತ್ರ ಬೆಲೆ ಏರುತ್ತದೆ.

ಮೈಸೂರಿನ ಜಾವಾ ಮತ್ತು ಯೆಜ್ಡಿ

ಈ ಏರಿಳಿತಕ್ಕೆ ನಮಗೆ ಹತ್ತಿರದ ಉದಾಹರಣೆ ಜಾವಾ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಹೆಸರಿನ ಮೊದಲ ಎರಡು ಅಕ್ಷರಗಳು ಮತ್ತು ಜರ್ಮನಿಯ ವಾಂಡರರ್ ಸಂಸ್ಥೆಯ ಹೆಸರಿನ ಮೊದಲ ಎರಡು ಅಕ್ಷರಗಳು ಸೇರಿ ‘ಜಾವಾ’ ಆಯಿತು. 1950ರ ದಶಕದಲ್ಲಿ ಭಾರತಕ್ಕೆ ಆಮದಾಗುತ್ತಿದ್ದ ಈ ವಾಹನಗಳನ್ನು ಇಲ್ಲಿಯೇ ತಯಾರಿಸಲು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆಯನ್ನು ಕಟ್ಟಿದರು. 1960ರ ದಶಕದ ಆರಂಭದಲ್ಲಿ ಉತ್ಪಾದನೆ ತೊಡಗಿತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಜಾವಾ ಹೆಸರಿನ ಬದಲಿಗೆ ‘ಯೆಜ್ಡಿ’ ಎಂಬ ಹೆಸರು ಬಂದಿತು. ಯೆಜ್ಡಿ ರೋಡ್‌ಕಿಂಗ್ 1978ರಿಂದ ಕಾರ್ಖಾನೆಯ ಕೊನೆಯ ದಿನಗಳವರೆಗೂ ತಯಾರಾಯಿತು.

ಇವು 250 ಸಿಸಿಯ ಟೂ-ಸ್ಟ್ರೋಕ್ ವಾಹನಗಳು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ ಹೊಡೆದು ಎಂಜಿನ್ ಚಾಲೂ ಮಾಡುವ ಪೆಡಲನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರ್ ಪೆಡಲ್ ಆಗುತ್ತಿತ್ತು. ಕೆಟ್ಟ ರಸ್ತೆಯಲ್ಲೂ, ಏರುದಾರಿಯಲ್ಲೂ ಭಾರ ಹೊತ್ತು ಸಾಗುವ ಗಟ್ಟಿತನ ಇವುಗಳಿಗಿತ್ತು. ಮೈಸೂರಿಗೆ ಹತ್ತಿರದ ವಯನಾಡು, ನೀಲಗಿರಿ, ತಾಳವಾಡಿಗಳು ಘಟ್ಟದ ರಸ್ತೆಯ ಸೀಮೆಗಳು. ಅಂತಹ ದಾರಿಗೆ ಹೇಳಿಮಾಡಿಸಿದಂತಹ ವಾಹನವಾಗಿತ್ತು ಇದು.

1980ರ ದಶಕದ ಮಧ್ಯಭಾಗದಲ್ಲಿ ಜಪಾನಿನ ಸಂಸ್ಥೆಗಳ ಸಹಯೋಗದಲ್ಲಿ 100 ಸಿಸಿಯ ವಾಹನಗಳು ಮಾರುಕಟ್ಟೆಗೆ ಬಂದವು. ಹೀರೋ ಹೋಂಡಾದ ಫೋರ್-ಸ್ಟ್ರೋಕ್ ವಾಹನ ಕೊಡುತ್ತಿದ್ದ ಮೈಲೇಜಿನ ಮುಂದೆ ಯೆಜ್ಡಿ ನಿಲ್ಲಲಾರದಾಯಿತು. ಹೊಗೆಯ ಮಿತಿಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಆ ಬಳಿಕದ ವರ್ಷಗಳಲ್ಲಿ ಯೆಜ್ಡಿಯನ್ನು ಕೇಳುವವರೇ ಇರಲಿಲ್ಲ. ಹಳ್ಳಿಗಳಲ್ಲಿ ಅದರ ಎಂಜಿನ್ನನ್ನು ಬಿಚ್ಚಿ ಬೇರೆ ಕೆಲಸಗಳಿಗೆ ಬಳಸಿದರು, ಉಳಿದ ಕಬ್ಬಿಣವನ್ನು ತೂಕಕ್ಕೆ ಹಾಕಿದರು.

ಕಾರ್ಖಾನೆ ಮುಚ್ಚಿದ್ದರಿಂದಲೇ ವಿರಳತೆ ಆರಂಭವಾಯಿತು. ಅಭಿಮಾನಿಗಳು ಊರೂರುಗಳಲ್ಲಿ ಬಳಗ ಕಟ್ಟಿಕೊಂಡರು. ಬೆಂಗಳೂರು ಮೈಸೂರುಗಳಲ್ಲಿ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವನ್ನು ಆಚರಿಸುವ ರೂಢಿ ಬೆಳೆಯಿತು. ಬಿಡಿಭಾಗಗಳನ್ನು ಹೊಸದಾಗಿ ಮಾಡಿಕೊಡುವವರು ಹುಟ್ಟಿಕೊಂಡರು. 2018ರ ನವೆಂಬರ್‌ನಲ್ಲಿ ಮಹೀಂದ್ರಾ ಪಾಲುದಾರಿಕೆಯ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾ ಹೆಸರಿನಲ್ಲಿ ಹೊಸ ವಾಹನಗಳನ್ನು ತಂದಿತು. ಆರಂಭದ ಬೆಲೆ 1.55 ಲಕ್ಷ ರೂಪಾಯಿ. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಮರಳಿತು. ‘ಯೆಜ್ಡಿ’ ಎಂಬ ಹೆಸರಿನ ಹಕ್ಕು ಯಾರದೆಂಬ ವ್ಯಾಜ್ಯ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ದಶಕಗಳ ಕಾಲ ಯಾರೂ ಕೇಳದಿದ್ದ ಹೆಸರಿಗಾಗಿ ನ್ಯಾಯಾಲಯದಲ್ಲಿ ಹೋರಾಟ ನಡೆಯಿತು ಎಂಬುದೇ ಅದರ ಮೌಲ್ಯ ಎಷ್ಟು ಬದಲಾಗಿತ್ತು ಎಂಬುದಕ್ಕೆ ಸಾಕ್ಷಿ.

ಇನ್ನು ನಾಲ್ಕು ಉದಾಹರಣೆಗಳು

ಬುಲೆಟ್: ರಾಯಲ್ ಎನ್‌ಫೀಲ್ಡ್ ಮೂಲತಃ ಇಂಗ್ಲೆಂಡಿನದು. 1955ರಿಂದ ಮದರಾಸಿನಲ್ಲಿ ಬುಲೆಟ್ ಜೋಡಿಸುವ ಕೆಲಸ ಆರಂಭವಾಯಿತು. ಇಂಗ್ಲೆಂಡಿನ ಸಂಸ್ಥೆ ಮುಚ್ಚಿದ ಮೇಲೂ ಇಲ್ಲಿ ತಯಾರಿಕೆ ನಿಲ್ಲಲಿಲ್ಲ. ಹಾಗಾಗಿ ಬುಲೆಟ್ ಎಂಬ ಹೆಸರೊಂದೇ ವಿರಳತೆಯನ್ನು ಕೊಡುವುದಿಲ್ಲ. ಆದರೆ ಸುಮಾರು 2010ರ ವೇಳೆಗೆ ಬೀಡುಕಬ್ಬಿಣದ ಹಳೆಯ ಎಂಜಿನ್ ಹೋಗಿ ಹೊಸ ಎಂಜಿನ್ ಬಂದಿತು. ಬಲಗಾಲಿನಲ್ಲಿ ಗೇರ್ ಹಾಕುವ ಹಳೆಯ ಬುಲೆಟ್‌ಗಳನ್ನು ಅಂದಿನಿಂದ ಬೇರೆಯೇ ಕಣ್ಣಿನಿಂದ ನೋಡಲಾಗುತ್ತಿದೆ. ಒಂದೇ ಹೆಸರಿನ ವಾಹನಗಳಲ್ಲೂ ಯಾವ ಅವಧಿಯದು ಎಂಬುದು ಬೆಲೆಯನ್ನು ನಿರ್ಧರಿಸುತ್ತದೆ.

ಯಮಹಾ ಆರ್‌ಎಕ್ಸ್ 100: ಎಸ್ಕಾರ್ಟ್ಸ್ ಸಂಸ್ಥೆ ಯಮಹಾ ಸಹಯೋಗದಲ್ಲಿ 1985ರಿಂದ 1996ರವರೆಗೆ ತಯಾರಿಸಿದ 98 ಸಿಸಿಯ ವಾಹನವಿದು. 11 ಅಶ್ವಶಕ್ತಿ, ಹಗುರ ದೇಹ, ಮರೆಯಲಾಗದ ಸದ್ದು. ಅಂದು ಕಾಲೇಜು ಹುಡುಗರ ಕನಸಾಗಿದ್ದ ಇದನ್ನು ಇಂದು ಆ ಹುಡುಗರೇ ನಡುವಯಸ್ಸಿನಲ್ಲಿ ಕೊಳ್ಳುತ್ತಿದ್ದಾರೆ. ಚೆನ್ನಾಗಿ ಉಳಿದ ವಾಹನಕ್ಕೆ ಲಕ್ಷ ರೂಪಾಯಿಗೂ ಮೀರಿ ಬೆಲೆ ಹೇಳುವುದು ಸಾಮಾನ್ಯವಾಗಿದೆ. ಜಪಾನಿನಿಂದ ಬಂದ ಭಾಗಗಳಿದ್ದ ಆರಂಭದ ವರ್ಷಗಳ ವಾಹನಗಳಿಗೆ ಇನ್ನೂ ಹೆಚ್ಚಿನ ಬೇಡಿಕೆ.

ರಾಜದೂತ್ 350: 1983ರಲ್ಲಿ ಬಂದ ಈ 347 ಸಿಸಿಯ ಜೋಡಿ ಸಿಲಿಂಡರಿನ ವಾಹನ ತನ್ನ ಕಾಲದಲ್ಲಿ ಸೋತಿತು. ಬೆಲೆ ಹೆಚ್ಚು, ಪೆಟ್ರೋಲ್ ಖರ್ಚು ಇನ್ನೂ ಹೆಚ್ಚು. ಆ ದಶಕ ಮುಗಿಯುವ ಹೊತ್ತಿಗೆ ತಯಾರಿಕೆ ನಿಂತಿತು. ಕೊಂಡವರು ಕಡಿಮೆ, ಉಳಿದವು ಅದಕ್ಕಿಂತ ಕಡಿಮೆ. ಮಾರುಕಟ್ಟೆಯಲ್ಲಿ ಸೋತದ್ದೇ ಮುಂದೆ ವಿರಳತೆಗೆ ಕಾರಣವಾಗಿ, ಇಂದು ಭಾರತದಲ್ಲಿ ತಯಾರಾದ ಹಳೆಯ ವಾಹನಗಳ ಪೈಕಿ ಅತಿ ಹೆಚ್ಚು ಬೆಲೆಬಾಳುವವುಗಳಲ್ಲಿ ಇದೂ ಒಂದಾಗಿದೆ.

ಹೊಸೂರಿನ ವಾಹನಗಳು: ತಮಿಳುನಾಡಿನ ಗಡಿಯ ಹೊಸೂರು ನಮ್ಮ ಓದುಗರಿಗೆ ಪರಿಚಿತ ಊರು. ಟಿವಿಎಸ್ 50 ಮೊಪೆಡ್ 1980ರಲ್ಲಿ ಅಲ್ಲಿಂದಲೇ ಹೊರಬಂದಿತು. 1984ರಲ್ಲಿ ಸುಜುಕಿ ಸಹಯೋಗದ ಎಎಕ್ಸ್ 100, 1990ರ ದಶಕದಲ್ಲಿ ಸಮುರಾಯ್ ಮತ್ತು ಶೋಗನ್ ಬಂದವು. 2001ರಲ್ಲಿ ಎರಡೂ ಸಂಸ್ಥೆಗಳು ಬೇರೆಯಾದವು. ಇವುಗಳಲ್ಲಿ ಶೋಗನ್‌ಗೆ ಅಭಿಮಾನಿಗಳಿದ್ದಾರೆ. ಮೊಪೆಡ್‌ಗಳು ಲೆಕ್ಕವಿಲ್ಲದಷ್ಟು ತಯಾರಾದ ಕಾರಣ ಅವುಗಳಿಗೆ ಅಂತಹ ಬೇಡಿಕೆ ಇಲ್ಲ. ಒಂದೇ ಊರಿನಲ್ಲಿ ತಯಾರಾದ ವಾಹನಗಳ ನಡುವೆಯೂ ಇಷ್ಟು ವ್ಯತ್ಯಾಸವಿದೆ.

ಬೆಲೆಯನ್ನು ಏರಿಸುವ ಅಂಶಗಳು

ಮೊದಲನೆಯದು ಮೂಲರೂಪ. ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ದಾಖಲೆಯೊಂದಿಗೆ ಹೊಂದಬೇಕು. ಕಾರ್ಬುರೇಟರ್, ಟ್ಯಾಂಕ್, ಸೀಟು, ದೀಪ, ಸೈಲೆನ್ಸರ್‌ಗಳು ಕಾರ್ಖಾನೆಯಿಂದ ಬಂದವೇ ಆಗಿದ್ದರೆ ಬೆಲೆ ಹೆಚ್ಚು. ಮಾಸಿದ ಮೂಲ ಬಣ್ಣಕ್ಕೆ ಹೊಳೆಯುವ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆ ಕೊಡುವ ಸಂಗ್ರಾಹಕರಿದ್ದಾರೆ. ಬಣ್ಣವನ್ನು ಎಷ್ಟು ಬಾರಿಯಾದರೂ ಹೊಡೆಯಬಹುದು, ಆದರೆ ಮೂಲ ಬಣ್ಣ ಇರುವುದು ಒಮ್ಮೆ ಮಾತ್ರ ಎಂಬುದು ಅವರ ಲೆಕ್ಕ.

ಎರಡನೆಯದು ನೆನಪು. 1973ರ ಹಿಂದಿ ಚಲನಚಿತ್ರ ‘ಬಾಬಿ’ಯಲ್ಲಿ ಕಾಣಿಸಿಕೊಂಡ ರಾಜದೂತ್ ಜಿಟಿಎಸ್ 175ಕ್ಕೆ ‘ಬಾಬಿ’ ಎಂಬ ಹೆಸರೇ ಉಳಿದುಹೋಯಿತು. ಯಂತ್ರವಾಗಿ ಅದು ಸಾಧಾರಣ. ಅದಕ್ಕೆ ಬೆಲೆ ತಂದದ್ದು ಒಂದು ತಲೆಮಾರಿನ ನೆನಪು.

ಮೂರನೆಯದು ಬಿಡಿಭಾಗಗಳ ಲಭ್ಯತೆ ಮತ್ತು ರಿಪೇರಿ ಬಲ್ಲ ಕೈಗಳು. ಬಿಡಿಭಾಗವೇ ಸಿಗದ ವಾಹನ ಎಷ್ಟೇ ವಿರಳವಾಗಿದ್ದರೂ ಕೊಳ್ಳುವವರು ಹಿಂಜರಿಯುತ್ತಾರೆ. ಜಾವಾ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇಂದಿಗೂ ಇರುವುದು ಆ ವಾಹನದ ಬೆಲೆಗೆ ಆಧಾರವಾಗಿದೆ. ಅವರ ಕಸುಬನ್ನು ಕಿರಿಯರು ಕಲಿಯದಿದ್ದರೆ ಈ ಆಧಾರ ಸಡಿಲವಾಗುತ್ತದೆ.

ನಾಲ್ಕನೆಯದು ದಾಖಲೆ. ಇದರ ವಿವರ ಮುಂದೆ ಬರುತ್ತದೆ.

ವಿದೇಶದ ಹರಾಜುಗಳಲ್ಲೂ ಇದೇ ಅಂಶಗಳು ಕೆಲಸ ಮಾಡುತ್ತವೆ. 2018ರ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ 1951ರ ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ ಎಂಬ ಬ್ರಿಟಿಷ್ ವಾಹನ 9,29,000 ಡಾಲರಿಗೆ ಮಾರಾಟವಾಯಿತು. ಆ ಮಾದರಿಯ ವಾಹನಗಳು ತಯಾರಾದದ್ದೇ ಮೂವತ್ತರ ಆಸುಪಾಸು. 2023ರ ಜನವರಿಯಲ್ಲಿ ಅದೇ ಊರಿನಲ್ಲಿ 1908ರ ಹಾರ್ಲೆ ಡೇವಿಡ್‌ಸನ್ 9,35,000 ಡಾಲರ್ ತಂದಿತು. ಅದರ ಟ್ಯಾಂಕ್, ಚಕ್ರ ಮುಂತಾದ ಭಾಗಗಳು ಮೂಲದವೇ ಆಗಿದ್ದುದು ಈ ಬೆಲೆಗೆ ಒಂದು ಕಾರಣ. ಇಂತಹ ಸುದ್ದಿಗಳನ್ನು ಓದಿ ನಮ್ಮ ಕೊಟ್ಟಿಗೆಯ ವಾಹನಕ್ಕೂ ಅದೇ ಲೆಕ್ಕ ಹಾಕುವುದು ಸರಿಯಲ್ಲ. ಸಾವಿರಾರು ಸಂಖ್ಯೆಯಲ್ಲಿ ಓಡಿದ ವಾಹನಕ್ಕೂ ಬೆರಳೆಣಿಕೆಯ ವಾಹನಕ್ಕೂ ಅಜಗಜಾಂತರವಿದೆ.

ಬೆಲೆಯನ್ನು ಇಳಿಸುವ ಅಂಶಗಳು

ಏರಿದ ಬೆಲೆ ಏರಿದಂತೆಯೇ ಇರುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಆಸೆಪಟ್ಟು ಕೊಳ್ಳುವ ತಲೆಮಾರು ವಯಸ್ಸಾಗಿ ವಾಹನ ಓಡಿಸುವುದನ್ನು ಬಿಟ್ಟಾಗ ಬೇಡಿಕೆಯೂ ಕುಗ್ಗುತ್ತದೆ. ಅವರ ಸಂಗ್ರಹಗಳೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬಂದರೆ ಬೆಲೆ ಇನ್ನಷ್ಟು ಇಳಿಯುತ್ತದೆ. ಇಂದಿನ ಮಕ್ಕಳು ಇಪ್ಪತ್ತು ವರ್ಷಗಳ ಬಳಿಕ ಯೆಜ್ಡಿಯನ್ನೇ ಬಯಸುತ್ತಾರೆ ಎಂದು ಹೇಳಲು ಆಧಾರವಿಲ್ಲ. ಅವರ ನೆನಪಿನ ವಾಹನ ಬೇರೆಯದೇ ಆಗಿರಬಹುದು.

ಇಂಧನವೂ ಬದಲಾಗಿದೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೆಯ ಕಾರ್ಬುರೇಟರ್‌ಗಳ ರಬ್ಬರ್ ಭಾಗಗಳನ್ನು ಇದಕ್ಕಾಗಿ ರೂಪಿಸಿರಲಿಲ್ಲ. ಎಥೆನಾಲ್ ತೇವವನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಂತ ವಾಹನದ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವ ಅಪಾಯ ಹೆಚ್ಚು. ದೆಹಲಿಯಂತಹ ನಗರದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ನ್ಯಾಯಾಲಯದ ಆದೇಶಗಳಿಂದ ನಿರ್ಬಂಧ ಬಂದದ್ದನ್ನೂ ನೆನಪಿಡಬೇಕು.

ಏರಿಕೆಯೆಲ್ಲ ಲಾಭವೇ?

ಮಕ್ಕಳೊಂದಿಗೆ ಕೂತು ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಒಬ್ಬರು 1975ರಲ್ಲಿ 5,000 ರೂಪಾಯಿಗೆ ಮೋಟಾರ್‌ಸೈಕಲ್ ಕೊಂಡರು, 2025ರಲ್ಲಿ ಅದನ್ನು 1,20,000 ರೂಪಾಯಿಗೆ ಮಾರಿದರು ಎಂದು ಊಹಿಸೋಣ. ಹಣ 24 ಪಟ್ಟು ಆಯಿತು ಎಂದು ಹಿಗ್ಗುವುದು ಸಹಜ. ಆದರೆ ವಸ್ತುಗಳ ಬೆಲೆ ವರ್ಷಕ್ಕೆ ಶೇಕಡಾ 7ರಂತೆ ಏರಿತು ಎಂದಿಟ್ಟುಕೊಂಡರೆ, ಸುಮಾರು ಹತ್ತು ವರ್ಷಗಳಿಗೊಮ್ಮೆ ಬೆಲೆ ಇಮ್ಮಡಿಯಾಗುತ್ತದೆ. 50 ವರ್ಷಗಳಲ್ಲಿ ಐದು ಬಾರಿ ಇಮ್ಮಡಿ, ಅಂದರೆ ಸುಮಾರು 32 ಪಟ್ಟು. ಆ ಲೆಕ್ಕದಲ್ಲಿ 1975ರ 5,000 ರೂಪಾಯಿಗೆ ಸಮನಾದ ಮೊತ್ತ 1,60,000 ರೂಪಾಯಿ. 1,20,000ಕ್ಕೆ ಮಾರಿದವರಿಗೆ ಲಾಭವಾಗಲಿಲ್ಲ. ನಡುವೆ ಮಾಡಿದ ರಿಪೇರಿ, ತೆರಿಗೆ, ವಿಮೆಗಳ ಖರ್ಚನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಅಷ್ಟು ವರ್ಷ ಆ ವಾಹನ ಮನೆಯವರನ್ನು ಹೊತ್ತು ತಿರುಗಿತಲ್ಲ, ನಿಜವಾದ ಪ್ರತಿಫಲ ಅದೇ.

ಪೂರ್ಣ ದುರಸ್ತಿಯ ವಿಷಯದಲ್ಲೂ ಎಚ್ಚರ ಬೇಕು. ಎಂಜಿನ್ ಕೆಲಸ, ಕ್ರೋಮ್ ಲೇಪ, ಬಣ್ಣ, ಬಿಡಿಭಾಗ ಎಲ್ಲ ಸೇರಿದರೆ ಅನೇಕ ಬಾರಿ ಮಾರಿದಾಗ ಬರುವ ಹಣಕ್ಕಿಂತ ಖರ್ಚೇ ಹೆಚ್ಚಾಗುತ್ತದೆ. ಮನೆಯ ನೆನಪಿಗಾಗಿ ದುರಸ್ತಿ ಮಾಡಿಸುವುದು ಬೇರೆ ಮಾತು. ಮಕ್ಕಳ ಓದಿಗೆ ಇಟ್ಟ ಹಣವನ್ನು ಲಾಭದ ಆಸೆಯಿಂದ ಇದರಲ್ಲಿ ತೊಡಗಿಸಬಾರದು.

ಗಡಿಯಾಚೆಯ ಮನೆಗಳು ಗಮನಿಸಬೇಕಾದ ದಾಖಲೆಗಳು

ದಾಖಲೆಯಿಲ್ಲದ ವಾಹನ ಎಷ್ಟೇ ಚೆನ್ನಾಗಿದ್ದರೂ ಬಿಡಿಭಾಗಗಳ ಬೆಲೆಗಷ್ಟೇ ಮಾರಾಟವಾಗುತ್ತದೆ. ನಮ್ಮ ಭಾಗದ ಮನೆಗಳಲ್ಲಿ ಹಲವು ವಾಹನಗಳು ಕರ್ನಾಟಕದಲ್ಲಿ ನೋಂದಣಿಯಾಗಿ ಗಡಿಯಾಚೆ ಬಂದು ನೆಲೆಸಿದವು. ಮೈಸೂರು ರಾಜ್ಯದ ಕಾಲದ ‘ಎಂ ವೈ’ ಅಕ್ಷರಗಳ ಸಂಖ್ಯಾಫಲಕಗಳು ಇನ್ನೂ ಕೆಲವೆಡೆ ಕಾಣಸಿಗುತ್ತವೆ. ಹಾಗಾಗಿ ಈ ಸಂಗತಿಗಳು ಮುಖ್ಯ.

ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮಾನ್ಯ. ಬಳಿಕ ತಪಾಸಣೆ ಮಾಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಇದಕ್ಕೆ ಫಾರಂ 25. ಮೋಟಾರ್‌ಸೈಕಲ್ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 1,000 ರೂಪಾಯಿ. 20 ವರ್ಷ ಮೀರಿದ ವಾಹನಕ್ಕೆ 2025ರ ಆಗಸ್ಟ್‌ನಿಂದ 2,000 ರೂಪಾಯಿ. ಹಸಿರು ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ, ಅಲ್ಲಿನ ಸಂಖ್ಯೆಯನ್ನು ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಮೊದಲು ಮೂಲ ಆರ್‌ಟಿಓದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಓಸಿ, ಆಮೇಲೆ ಹೊಸ ರಾಜ್ಯದಲ್ಲಿ ಫಾರಂ 27.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ಅಜ್ಜನ ಹೆಸರಿನಲ್ಲಿಯೇ ಉಳಿದ ವಾಹನವನ್ನು ನೇರವಾಗಿ ಮಾರಲು ಹೊರಟರೆ ತೊಡಕು ಖಂಡಿತ. ಆರ್‌ಸಿ ಪುಸ್ತಕ ಕಳೆದಿದ್ದರೆ ಪೊಲೀಸರಿಗೆ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಕೈಬರಹದ ಹಳೆಯ ಪುಸ್ತಕದ ವಿವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ‘ಬ್ಯಾಕ್‌ಲಾಗ್ ಎಂಟ್ರಿ’ ಮಾಡಿಸುವಂತೆ ಕೇಳಬೇಕು.

ನಮ್ಮ ಕುಟುಂಬಗಳಿಗೆ ವಿಶೇಷವಾದ ತೊಡಕು ಹೆಸರಿನದು. ಕನ್ನಡದ ಹೆಸರು ಒಂದು ದಾಖಲೆಯಲ್ಲಿ ಮಲಯಾಳದ ಉಚ್ಚಾರಕ್ಕೆ, ಇನ್ನೊಂದರಲ್ಲಿ ತಮಿಳು ಅಥವಾ ಮರಾಠಿಯ ರೂಢಿಗೆ ತಕ್ಕಂತೆ ಬರೆಯಲ್ಪಟ್ಟು, ಇಂಗ್ಲಿಷಿನಲ್ಲಿ ಮೂರನೆಯ ರೂಪ ತಾಳುತ್ತದೆ. ಆರ್‌ಸಿ ಪುಸ್ತಕ, ಆಧಾರ್, ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರಗಳಲ್ಲಿ ಹೆಸರು ಹೊಂದುತ್ತದೆಯೇ ಎಂದು ಅರ್ಜಿ ಹಾಕುವ ಮುನ್ನವೇ ನೋಡಿಕೊಳ್ಳಬೇಕು. ಹೊಂದದಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

50 ವರ್ಷ ಮೀರಿದ, ಮೂಲರೂಪ ಬದಲಾಗದ ವಾಹನಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಮಾನ್ಯತೆ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಈಗಾಗಲೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದವುಗಳಿಗಷ್ಟೇ ರಸ್ತೆಗಿಳಿಸಬಹುದು. ತೋಟಕ್ಕೂ ಪೇಟೆಗೂ ದಿನನಿತ್ಯ ಬಳಸುವವರಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ಸೂಕ್ತ.

ಮಾರುವ ಮುನ್ನ

ಗುಜರಿಯ ಲೆಕ್ಕ ಸರಳ. ಯೆಜ್ಡಿಯ ತೂಕ ಸುಮಾರು 140 ಕಿಲೋ. ಕಿಲೋಗೆ 30 ರೂಪಾಯಿ ಎಂದರೂ ಸಿಗುವುದು 4,200 ರೂಪಾಯಿ. ಗುಜರಿಯವನು ಅದನ್ನು ಕರಗಿಸಲು ಕಳುಹಿಸುತ್ತಾನೆ ಎಂದೇನೂ ಇಲ್ಲ. ಟ್ಯಾಂಕ್, ಕಾರ್ಬುರೇಟರ್, ಸೈಲೆನ್ಸರ್‌ಗಳನ್ನು ಬೇರೆ ಬೇರೆಯಾಗಿ ಮಾರಿದರೆ ಅವನಿಗೆ ಅದಕ್ಕಿಂತ ಹೆಚ್ಚೇ ಸಿಗಬಹುದು. ಆದ್ದರಿಂದ ಮೊದಲ ದಿನವೇ ಒಪ್ಪಿಕೊಳ್ಳಬೇಡಿ. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಆರ್‌ಸಿ ಪುಸ್ತಕದೊಂದಿಗೆ ಹೋಲಿಸಿ ನೋಡಿ. ಬಣ್ಣ ಹೊಡೆಸುವುದಾಗಲಿ, ಭಾಗ ಬದಲಿಸುವುದಾಗಲಿ ಮಾಡಬೇಡಿ. ಬಿಚ್ಚಿಟ್ಟ ತುಣುಕುಗಳನ್ನೂ ಎಸೆಯದೆ ಒಂದೆಡೆ ಇಡಿ. ಆ ವಾಹನ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ, ಇಬ್ಬರು ಮೂವರಿಂದ ಬೆಲೆ ಕೇಳಿ. ಕೇಳುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ ಎಂಬುದು ನೆನಪಿರಲಿ.

ಮಾರಿದ ಮೇಲೆ ಫಾರಂ 29 ಮತ್ತು 30ರ ಮೂಲಕ ಹೆಸರು ವರ್ಗಾವಣೆ ಆಗುವವರೆಗೂ ಜವಾಬ್ದಾರಿ ಮುಗಿಯುವುದಿಲ್ಲ. ನಾಳೆ ಆ ವಾಹನದಿಂದ ಅಪಘಾತವಾದರೆ ಕೇಳುವುದು ದಾಖಲೆಯಲ್ಲಿರುವ ಹೆಸರಿನವರನ್ನೇ. ಕೊಳ್ಳುವವರಾದರೂ ಅಷ್ಟೇ. ಸಂಖ್ಯೆ ಉಜ್ಜಿ ಹೊಸದಾಗಿ ಕೆತ್ತಿದ ಗುರುತು ಕಂಡರೆ ಆ ವ್ಯವಹಾರವನ್ನೇ ಬಿಡಬೇಕು.

ಮಾರದೆ ಉಳಿಸಿಕೊಳ್ಳಲು ನಿರ್ಧರಿಸಿದ ಮನೆಯವರು ಟ್ಯಾಂಕಿನ ಹಳೆಯ ಪೆಟ್ರೋಲ್ ತೆಗೆಸಿ, ವಾಹನವನ್ನು ಮಳೆ ಬೀಳದ ಜಾಗದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನೋಂದಣಿಯ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟರೆ ಸಾಕು. ಬೆಲೆ ಏರಲಿ ಇಳಿಯಲಿ, ಮುಂದಿನ ತಲೆಮಾರು ತನ್ನ ತೀರ್ಮಾನವನ್ನು ತಾನೇ ತೆಗೆದುಕೊಳ್ಳಲು ಅವಕಾಶ ಉಳಿದಿರುತ್ತದೆ.